ಕುಲುಮೆಯ ಕತ್ತಿ: ಬೆನ್ನು ಸೊಟ್ಟ, ಬಾಯಿ ನೆಟ್ಟಗೆ



ಕಾರ್ಖಾನೆಯಿಂದ ಬರುವ ಚಾಕುವಿನ ಬಗ್ಗೆ ಹೇಳಲು ಹೆಚ್ಚೇನೂ ಇರುವುದಿಲ್ಲ. ಸಾವಿರ ಚಾಕುಗಳನ್ನು ಸಾಲಾಗಿ ಇಟ್ಟರೂ ಒಂದು ಇನ್ನೊಂದರ ಪಡಿಯಚ್ಚು. ಹಳ್ಳಿಯ ಕುಲುಮೆಯಲ್ಲಿ ಹುಟ್ಟಿದ ಕತ್ತಿಯ ಸಂಗತಿ ಬೇರೆ. ಅದರ ಬೆನ್ನು ತುಸು ಸೊಟ್ಟಗಿರುತ್ತದೆ. ಅಲಗಿನ ಮೈಮೇಲೆ ಸುತ್ತಿಗೆಯ ಪೆಟ್ಟುಗಳ ಗುಳಿಗಳು ಉಳಿದಿರುತ್ತವೆ. ಮರದ ಹಿಡಿ ಒಂದು ಮಗ್ಗುಲಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ಊರಿನ ಹಳೆಯ ಮನೆಯನ್ನು ಕೆಡವುವಾಗಲೋ ಮಾರುವಾಗಲೋ ಮೊದಲು ಗುಜರಿಯವನ ತಕ್ಕಡಿಗೆ ಬೀಳುವುದು ಇಂಥ ಕತ್ತಿಗಳೇ. ತಾಮ್ರದ ಹಂಡೆಗೆ ಬೆಲೆಯಿದೆ, ಹಿತ್ತಾಳೆಯ ದೀಪಕ್ಕೆ ಗೌರವವಿದೆ. ಕಬ್ಬಿಣದ ಕತ್ತಿಗೆ ಎರಡೂ ಇಲ್ಲ. ಈ ಅನಾದರ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಚರಿತ್ರೆಯ ಮೇಷ್ಟರಾಗಿ ಇಲ್ಲಿ ನಿವೇದಿಸುತ್ತಿದ್ದೇನೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ನಮ್ಮ ಸೀಮೆಯಲ್ಲಿ ಕತ್ತಿಯೆಂದರೆ ಒಂದು ದೊಡ್ಡ ಕುಟುಂಬ. ರಾಗಿ ಕೊಯ್ಯಲು ಹಲ್ಲಿನ ಕುಡುಗೋಲು, ಬೇಲಿ ಸವರಲು ಮಚ್ಚು, ಅಡಿಗೆಮನೆಗೆ ಈಳಿಗೆಮಣೆ, ಎಲೆ ಅಡಿಕೆ ಚೀಲಕ್ಕೆ ಅಡಕತ್ತರಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಚೂರಿ, ಜೇಬಿಗೆ ಮಡಿಚುವ ಚಾಕು. ಮಲೆನಾಡಿನ ಕಡೆಗೆ ಹೋದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಈ ಕುಟುಂಬವನ್ನು ಸೇರುತ್ತದೆ. ಪಶ್ಚಿಮಕ್ಕೆ ಕೊಡಗಿನ ಗಡಿ ದಾಟಿದರೆ ಪೀಚೆಕತ್ತಿ, ಒಡಿಕತ್ತಿಗಳು ಎದುರಾಗುತ್ತವೆ. ಇವುಗಳಲ್ಲಿ ಬಹುಪಾಲು ಒಂದೊಂದು ಊರಿನ ಒಬ್ಬೊಬ್ಬ ಕಮ್ಮಾರನ ಕೈಕೆಲಸ. ಕಮ್ಮಾರ ಬದಲಾದರೆ ಕತ್ತಿಯ ಬಾಗೂ ಬದಲಾಗುತ್ತಿತ್ತು.

ಈ ವಿದ್ಯೆ ನಮ್ಮ ನಾಡಿನಲ್ಲಿ ಎಷ್ಟು ಹಳೆಯದು? ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ, ಅಂದರೆ ಇಂದಿನ ಹಾವೇರಿ ಜಿಲ್ಲೆಯಲ್ಲಿ, 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದರು. ಅಲ್ಲಿ ದೊರೆತ ಕಬ್ಬಿಣದ ಬಾಣದ ಮೊನೆಗಳಿಗೆ ಕ್ರಿ. ಪೂ. 1000ದ ಆಸುಪಾಸಿನ ಕಾಲ ನಿರ್ಣಯವಾಯಿತು. ಕರ್ನಾಟಕದ ಬೃಹತ್ ಶಿಲಾ ಸಮಾಧಿಗಳಲ್ಲೂ ಕಬ್ಬಿಣದ ಆಯುಧಗಳು, ಉಪಕರಣಗಳು ಸಿಕ್ಕಿವೆ. ಸತ್ತವನ ಜೊತೆಗೆ ಹೂಳುವಷ್ಟು ಪ್ರಿಯವಾದ ವಸ್ತುಗಳಲ್ಲಿ ಕಬ್ಬಿಣದ ಅಲಗೂ ಸೇರಿತ್ತು ಎಂಬುದನ್ನು ಗಮನಿಸಬೇಕು.

ಇನ್ನು ‘ಉಕ್ಕು’ ಎಂಬ ನಮ್ಮ ಪುಟ್ಟ ಪದದ ಪ್ರವಾಸವನ್ನು ಕೇಳಿ. ಮೆದು ಕಬ್ಬಿಣದ ತುಂಡುಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿಗಳನ್ನೂ ಹಸಿರೆಲೆಗಳನ್ನೂ ಸೇರಿಸಿ, ಬಾಯಿಗೆ ಮಣ್ಣು ಮೆತ್ತಿ, ಇದ್ದಲಿನ ಒಲೆಯಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಕಡ್ಡಿ ಎಲೆಗಳ ಇಂಗಾಲ ಕಬ್ಬಿಣದೊಳಗೆ ಬೆರೆತು ಉಕ್ಕಾಗುತ್ತದೆ. ಮೈಸೂರು ಸೀಮೆಯಲ್ಲೂ ಸೇಲಂ ಸೀಮೆಯಲ್ಲೂ ಈ ಕೆಲಸ ನಡೆಯುತ್ತಿತ್ತು. ಟಿಪ್ಪೂ ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಅದಕ್ಕೂ ಮೊದಲೇ ನಮ್ಮ ದಕ್ಷಿಣದ ಉಕ್ಕು ಇಂಗ್ಲೆಂಡಿಗೆ ತಲುಪಿತ್ತು. ಮುಂಬಯಿಯಲ್ಲಿದ್ದ ಡಾ. ಹೆಲೀನಸ್ ಸ್ಕಾಟ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್‌ಗೆ ಅದರ ಮಾದರಿಗಳನ್ನು ಕಳುಹಿಸಿದ. ಅವರು ಅದನ್ನು ‘ವೂಟ್ಜ್’ ಎಂದು ಕರೆದರು. ಈ ಹೆಸರು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಮತ. ಜಾರ್ಜ್ ಪಿಯರ್ಸನ್ ಎಂಬ ವೈದ್ಯ 1795ರಲ್ಲಿ ಅದನ್ನು ಕುರಿತು ಪ್ರಬಂಧ ಮಂಡಿಸಿದ. ಆ ಉಕ್ಕಿನ ತುಂಡಿನಿಂದ ಬ್ಯಾಂಕ್ಸ್‌ನ ಇಚ್ಛೆಯ ಮೇರೆಗೆ ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಮೊದಲಿಗೆ ಮಾಡಿದ್ದೇನೆಂದು ಬಲ್ಲಿರಾ? ಲೇಖನಿ ಹರಿತಗೊಳಿಸುವ ಒಂದು ಪುಟ್ಟ ಜೇಬುಚಾಕು! ಅದರ ಬಾಯಿ ಅತ್ಯುತ್ತಮ ಉಕ್ಕಿನ ಚಾಕುವಿಗೆ ಸಮನಾಗಿ ಕೊಯ್ಯಿತೆಂದು ಪಿಯರ್ಸನ್ನನ ಪ್ರಬಂಧ ಹೇಳುತ್ತದೆ. ಅದೇ ಸ್ಟೋಡಾರ್ಟ್ ಮುಂದೆ ಮೈಕೆಲ್ ಫ್ಯಾರಡೆಯೊಂದಿಗೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿದ. 1820 ಮತ್ತು 1822ರಲ್ಲಿ ಅವರ ಪ್ರಬಂಧಗಳು ಪ್ರಕಟವಾದವು. ವಿದ್ಯುತ್ತಿನ ಪಾಠದಲ್ಲಿ ನೀವು ಓದಿದ ಅದೇ ಫ್ಯಾರಡೆ ಇವನು. ಓದುಬರಹ ಅರಿಯದ ದಕ್ಷಿಣದ ಕುಲುಮೆಗಾರರ ಕೈಚಳಕ ಅಂಥ ವಿಜ್ಞಾನಿಯನ್ನೂ ಚಿಂತೆಗೆ ಹಚ್ಚಿತ್ತು.

ಆದರೆ ಊರಿನ ಕಮ್ಮಾರ ಈ ಉತ್ತಮ ಉಕ್ಕನ್ನು ಧಾರಾಳವಾಗಿ ಬಳಸುವಂತಿರಲಿಲ್ಲ, ಅದು ದುಬಾರಿ. ಆದ್ದರಿಂದ ಮೆದು ಕಬ್ಬಿಣದ ಮೈಗೆ ಬಾಯಿಯಷ್ಟೇ ಉಕ್ಕನ್ನು ಬೆಸೆಯುವ ಉಪಾಯವಿತ್ತು. ಸವೆದ ಕೊಡಲಿಗೆ ‘ಬಾಯಿಗೆ ಉಕ್ಕು ಹಾಕಿಸಿಕೊಂಡು ಬಾ’ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ಮೆದುವಾದ ಬೆನ್ನು ಪೆಟ್ಟನ್ನು ತಾಳಿಕೊಳ್ಳುತ್ತದೆ, ಗಡುಸಾದ ಬಾಯಿ ಕೊಯ್ಯುತ್ತದೆ. ಎರಡು ಲೋಹಗಳು ಕೂಡಿದ ಕಡೆ ಅಲಗಿನ ಮೇಲೆ ಒಂದು ಮಸುಕು ಗೆರೆ ಉಳಿಯುವುದುಂಟು. ನೋಡದವರಿಗೆ ಅದು ಬಿರುಕು, ನೋಡಬಲ್ಲವರಿಗೆ ಬೆಸುಗೆ.

ಈ ಕಮ್ಮಾರನ ಸ್ಥಾನವಾದರೂ ಎಂಥದು? ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರ ವ್ಯವಸ್ಥೆ ಇತ್ತೆಂದು ಪಾಠದಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಗೌಡ, ಶಾನುಭೋಗ, ತಳವಾರ, ನೀರಗಂಟಿಯರ ಜೊತೆ ಬಡಗಿ, ಕುಂಬಾರ, ಅಗಸ, ಕಮ್ಮಾರರೂ ಅದರಲ್ಲಿ ಸೇರಿದ್ದರು. ರೈತನ ಗುಳ ಹಣಿದು ಕೊಡುವುದು, ಕುಡುಗೋಲಿಗೆ ಹಲ್ಲು ಹಾಕುವುದು, ಮಚ್ಚಿಗೆ ಹದ ಕೊಡುವುದು ಕಮ್ಮಾರನ ವರ್ಷಪೂರ್ತಿ ಕೆಲಸ. ಸುಗ್ಗಿಯ ಕಣದಲ್ಲಿ ಅವನ ಪಾಲಿನ ಧಾನ್ಯವೇ ಆಯ. ಕತ್ತಿಯ ಗುಣಕ್ಕೂ ಈ ವ್ಯವಸ್ಥೆಗೂ ನೇರ ಸಂಬಂಧವಿದೆ. ಮಾಡಿದ ಕತ್ತಿ ಮುರಿದರೆ ರೈತ ಮರುದಿನ ಬೆಳಿಗ್ಗೆ ಕುಲುಮೆಯ ಮುಂದೆ ನಿಂತಿರುತ್ತಿದ್ದ. ಅಂದಗೆಟ್ಟ ಕತ್ತಿಗೆ ಕ್ಷಮೆಯಿತ್ತು, ಮುರಿಯುವ ಕತ್ತಿಗೆ ಇರಲಿಲ್ಲ. ಹೀಗಾಗಿ ಕಮ್ಮಾರ ತನ್ನ ಇದ್ದಲನ್ನೂ ಶ್ರಮವನ್ನೂ ಬಾಯಿಯ ಮೇಲೆ ಖರ್ಚು ಮಾಡಿದ, ಬೆನ್ನಿನ ನಯಕ್ಕೆ ಮಾಡಲಿಲ್ಲ.

ಎನ್. ಬೇಗೂರಿನ ಕಡೆ ನಾನು ಕೆಲಸದಲ್ಲಿದ್ದ ದಿನಗಳಲ್ಲಿ ಭಾನುವಾರಗಳಂದು ಹತ್ತಿರದ ಹಳ್ಳಿಯ ಕುಲುಮೆಯ ಜಗಲಿಯಲ್ಲಿ ಕುಳಿತಿರುತ್ತಿದ್ದುದುಂಟು. ಕಬ್ಬಿಣದಂಗಡಿಯಲ್ಲಿ ನೊಣಕ್ಕೇನು ಕೆಲಸ ಎಂಬ ಗಾದೆಯನ್ನು ನೆನೆದು ಆಚಾರ್ಯರು ನಗುತ್ತಿದ್ದರು. ಅವರು ಮಚ್ಚು ಮಾಡುತ್ತಿದ್ದುದು ಲಾರಿಯ ಹಳೆಯ ಪಟ್ಟಿಯಿಂದ. ಲಾರಿಯ ಭಾರ ಹೊರುವ ಆ ಪಟ್ಟಿಯಲ್ಲಿ ಸುಮಾರು ಶೇಕಡಾ 0.5ರಿಂದ 0.6ರಷ್ಟು ಇಂಗಾಲವಿರುತ್ತದೆ; ಬಾಗಿದರೂ ಮುರಿಯದ ಜಾತಿಯ ಉಕ್ಕು ಅದು. ಹಳೆಯ ಮೂಸೆಯ ಉಕ್ಕಿನಲ್ಲಿ ಇಂಗಾಲ ಶೇಕಡಾ 1.5ರ ಆಸುಪಾಸಿನಲ್ಲಿತ್ತು. ಅದು ಹೆಚ್ಚು ಗಡಸು, ಆದರೆ ಹೆಚ್ಚು ಕಾಯಿಸಿದರೆ ಸುತ್ತಿಗೆಯ ಕೆಳಗೇ ಪುಡಿಯಾಗುವಂಥದು.

ಕೆಲಸದ ಕ್ರಮ ಹೀಗೆ. ತಿದಿಯೂದಿ ಇದ್ದಲನ್ನು ಕೆಂಪಾಗಿಸಿ, ಪಟ್ಟಿಯನ್ನು ಕಾಯಿಸಿ, ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಡುತ್ತಾರೆ. ಎದುರಿಗೆ ನಿಂತವರು ಚಮ್ಮಟಿಗೆಯಿಂದ ಬಡಿಯುತ್ತಾರೆ; ಆಚಾರ್ಯರ ಕೈಯ ಸಣ್ಣ ಸುತ್ತಿಗೆ ಮುಂದಿನ ಪೆಟ್ಟು ಎಲ್ಲಿ ಬೀಳಬೇಕೆಂದು ತೋರಿಸುತ್ತದೆ. ಆಕಾರ ಬಂದ ಮೇಲೆ ಅರದಿಂದ ಉಜ್ಜಿ ಬಾಯಿ ತೆಗೆಯುತ್ತಾರೆ. ಅನಂತರ ಮತ್ತೆ ಕಾಯಿಸಿ, ಬಾಯಿಯನ್ನಷ್ಟೇ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಬೆನ್ನಿನಲ್ಲಿ ಉಳಿದ ಬಿಸಿ ಮೆಲ್ಲಗೆ ಬಾಯಿಯ ಕಡೆಗೆ ಹರಿಯುವಾಗ ಉಜ್ಜಿದ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಯೆಂದರೆ ಸುಮಾರು 220ರಿಂದ 230 ಡಿಗ್ರಿ ಸೆಂಟಿಗ್ರೇಡ್, ನೀಲಿಯೆಂದರೆ 300ರ ಹತ್ತಿರ. ಚೂರಿಗೆ ಬೇಕಾದ ಹದ ಬೇರೆ, ಮಚ್ಚಿನದು ಬೇರೆ, ಉಳಿಯದು ಬೇರೆ. ಹದವಾದ ಬಣ್ಣ ಬಾಯಿಗೆ ತಲುಪಿದ ಕ್ಷಣದಲ್ಲೇ ಮತ್ತೆ ಅದ್ದಬೇಕು. ಗಡಿಯಾರವಿಲ್ಲ, ತಾಪಮಾಪಕವಿಲ್ಲ. ಬಣ್ಣ ಸರಿಯಾಗಿ ಕಾಣಲಿ ಎಂದೇ ಕುಲುಮೆಯ ಒಳಗೆ ಕತ್ತಲಿರುತ್ತದೆ.

ಸಿದ್ಧವಾದ ಒಂದು ಮಚ್ಚಿನ ಬೆನ್ನು ಸ್ವಲ್ಪ ವಾಲಿದ್ದುದನ್ನು ನಾನು ತೋರಿಸಿದಾಗ ಅವರು ಹೇಳಿದ ಮಾತು ಇಂದಿಗೂ ನೆನಪಿದೆ: “ಮೇಷ್ಟ್ರೇ, ಬೆನ್ನು ಎಂಗಾದ್ರೂ ಇರ್ಲಿ. ಬಾಯಿ ನೆಟ್ಟಗೈತಾ ನೋಡಿ. ನೋಡೋರಿಗೆ ಬೆನ್ನು, ಗೇಯೋರಿಗೆ ಬಾಯಿ.”

ಈ ಮಾತಿನ ಹಿಂದಿನ ಕಾರಣವನ್ನು ಸ್ವಲ್ಪ ಬಿಡಿಸಿ ನೋಡೋಣ. ಬೆನ್ನಿನ ವಾಲು ಹಲವು ಸಲ ಹದ ಕೊಡುವಾಗ ಆಗುತ್ತದೆ. ಒಂದು ಅಂಚು ಥಟ್ಟನೆ ತಣಿದು ಇನ್ನೊಂದು ನಿಧಾನವಾಗಿ ತಣಿದರೆ ಅಲಗು ಎಳೆದುಕೊಳ್ಳುತ್ತದೆ. ಹದಗೊಂಡ ಅಲಗನ್ನು ಬಲವಂತವಾಗಿ ನೆಟ್ಟಗೆ ಮಾಡಹೋದರೆ ಬಿರಿಯಬಹುದು. ಆದ್ದರಿಂದ ತಿಳಿದವರು ಸಣ್ಣ ವಾಲನ್ನು ಹಾಗೆಯೇ ಬಿಡುತ್ತಾರೆ. ಹಿಡಿಯ ಏರುಪೇರಿಗೂ ಕಾರಣವಿದೆ. ಯಾರ ಕತ್ತಿಯೋ ಅವರ ಮುಷ್ಟಿಗೆ ತಕ್ಕಂತೆ ಅದನ್ನು ಕೆತ್ತಿದ್ದಾರೆ. ಎಡಗೈಯವರ ಕುಡುಗೋಲು ಬಲಗೈಯವರಿಗೆ ಸೊಟ್ಟಗೆ ಕಾಣುವುದು ಸಹಜ. ಅಲಗಿನ ಬಾಲವನ್ನು ಹಿಡಿಯೊಳಗೆ ಕೂರಿಸಿ ಕಾಯಿಸಿದ ಅರಗು ತುಂಬಿದರೆ ಅಂಚಿನಲ್ಲಿ ತುಸು ಉಕ್ಕಿ ಕಾಣುತ್ತದೆ. ಕಾರ್ಖಾನೆಯವರು ಅದನ್ನು ಒರೆಸಿಬಿಟ್ಟಾರು, ಆದರೆ ಹಿಡಿ ಸಡಿಲವಾದಾಗ ಮತ್ತೆ ಕಾಯಿಸಿ ಕೂರಿಸುವ ಅನುಕೂಲವನ್ನು ಅವರು ಕೊಡಲಾರರು. ಹೀಗೆ ನಾವು ಕುಂದು ಎಂದುಕೊಳ್ಳುವ ಗುರುತುಗಳಲ್ಲಿ ಹಲವು ನಿರ್ಧಾರಗಳ ಗುರುತುಗಳೇ.

ಎಲ್ಲ ಕುಂದುಗಳನ್ನೂ ಹೀಗೆ ಹೊಗಳಿಬಿಡುವುದು ನನ್ನ ಉದ್ದೇಶವಲ್ಲ. ಕೈಕೆಲಸದ ಕತ್ತಿಗಳಲ್ಲಿ ಕೆಟ್ಟವೂ ಇರುತ್ತವೆ. ಅತಿಯಾಗಿ ಕಾಯಿಸಿದ ಬಾಯಿ ಬಿಸ್ಕತ್ತಿನಂತೆ ಉದುರುತ್ತದೆ; ಹದ ಸಾಲದ ಬಾಯಿ ಎರಡು ಕೊಂಬೆ ಕಡಿಯುವಷ್ಟರಲ್ಲಿ ಮಡಿಚಿಕೊಳ್ಳುತ್ತದೆ. ಬೆಸುಗೆ ಕೂಡದಿದ್ದರೆ ಅದು ನಿಜವಾಗಿಯೂ ಬಿರುಕೇ. ಇವು ಉಪಯೋಗಿಸುವವನ ಕೈಗೆ ಅಪಾಯ. ಬೆನ್ನಿನ ಕುಂದು ಸಹ್ಯ, ಬಾಯಿಯ ಕುಂದು ಅಸಹ್ಯ ಎಂಬ ಆಚಾರ್ಯರ ಅಳತೆಗೋಲೇ ಇಲ್ಲಿಯೂ ಸಾಕು. ಅಂತೆಯೇ, ಆ ಕುಲುಮೆಯ ಬದುಕನ್ನು ಸುಖದ ಚಿತ್ರವಾಗಿ ಬರೆಯುವುದೂ ಸಲ್ಲದು. ಹೊಗೆ, ಕಿಡಿ, ಬಿಸಿಯ ನಡುವೆ ದುಡಿದವರಿಗೆ ಸಿಗುತ್ತಿದ್ದುದು ಮಳೆ ಬೆಳೆಯನ್ನು ನಂಬಿದ ಆಯ. ಬರ ಬಂದ ವರ್ಷ ರೈತನ ಕಣ ಬರಿದಾದರೆ ಕಮ್ಮಾರನ ಪಾಲೂ ಬರಿದು. ಜಾತಿಯ ಕಟ್ಟುಪಾಡು ವಿದ್ಯೆಯನ್ನು ಉಳಿಸಿದ್ದು ನಿಜ, ಅದೇ ಕಟ್ಟುಪಾಡು ಅವರ ಮಕ್ಕಳನ್ನು ಬೇರೆ ದಾರಿಗೆ ಬಿಡದಿದ್ದುದೂ ಅಷ್ಟೇ ನಿಜ. ಇಂದು ಆ ಮನೆಗಳ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿದಿದ್ದರೆ ಮೇಷ್ಟರಾದವರು ಸಂತೋಷಪಡಬೇಕು.

ನೆರೆಯ ಕೊಡಗಿನಲ್ಲಿ ಕತ್ತಿಗೆ ಬೇರೆಯೇ ಮರ್ಯಾದೆ ಸಿಕ್ಕಿತು. ಕೊಡವರು ಕುಪ್ಪಸದ ಮೇಲೆ ಚೇಲೆ ಬಿಗಿದು, ಅದರ ಮುಂಭಾಗಕ್ಕೆ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಬೆಳ್ಳಿಯ ಕಟ್ಟು, ಸರಪಣಿಗಳಿಂದ ಅದು ಈಗ ಬಹುಮಟ್ಟಿಗೆ ಆಭರಣವೇ ಆಗಿದೆ. ಅಗಲವಾದ, ಮುಂದಕ್ಕೆ ಬಾಗಿದ ಒಡಿಕತ್ತಿಯನ್ನು ಬೆನ್ನ ಹಿಂದಿನ ತೋಡಂಗ್‌ನಲ್ಲಿ ಧರಿಸುತ್ತಿದ್ದರು. ಮದುವೆಯಲ್ಲಿ ಬಾಳೆಯ ಕಂಬಗಳನ್ನು ಒಂದೇ ಏಟಿಗೆ ಕಡಿಯುವ ಸಂಪ್ರದಾಯ ಇಂದಿಗೂ ಉಂಟು. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲುತ್ತದೆ. ನಮ್ಮ ಮೈಸೂರಿನ ಆಯುಧಪೂಜೆಯ ದಿನವೂ ಅರಮನೆಯ ಪಟ್ಟದ ಕತ್ತಿಗೆ ಸಲ್ಲುವ ಪೂಜೆಯೇ ಬಡವರ ಮನೆಯ ಕುಡುಗೋಲಿಗೂ ಈಳಿಗೆಗೂ ಸಲ್ಲುತ್ತದೆ. ವರ್ಷಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚುವ ನಾವು ಉಳಿದ ದಿನಗಳಲ್ಲಿ ಅದನ್ನು ಹಿತ್ತಲಿನಲ್ಲಿ ತುಕ್ಕು ಹಿಡಿಯಲು ಬಿಡುತ್ತೇವೆ, ಅಷ್ಟೇ.

ಬೇಟೆಯ ಕತ್ತಿಯ ಕಥೆ ಇನ್ನಷ್ಟು ಜಟಿಲ. ಎನ್. ಬೇಗೂರು ಇಂದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯದ ಹೆಸರೂ ಹೌದು. ಇಲ್ಲಿಯ ಕಾಡಂಚಿನಲ್ಲಿ ಜೇನುಕುರುಬರ, ಕಾಡುಕುರುಬರ ಹಾಡಿಗಳಿವೆ. ಬಿದಿರು ಸೀಳಲು, ಗೆಣಸು ಬಿಡಿಸಲು, ದಾರಿ ಸವರಲು ಕತ್ತಿ ಅವರ ಕೈಯ ಆರನೆಯ ಬೆರಳಾಗಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಾರಿಕೆಗೆ ನಿಬಂಧನೆಗಳನ್ನು ತಂದಿತ್ತು. ಆದರೂ ರಾಜರ, ದೊರೆಗಳ ಶಿಕಾರಿ ನಡೆದೇ ಇತ್ತು. ಕಾಕನಕೋಟೆಯ ಖೆಡ್ಡಾ ಕೊನೆಯ ಬಾರಿಗೆ ನಡೆದದ್ದು 1971ರಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಅನೇಕ ಹಳ್ಳಿಗಳೂ ಕಾಡೂ ನೀರಿನಡಿಯಾದವು. ನಾಲ್ಕೈದು ವರ್ಷಗಳ ಅವಧಿಯಲ್ಲಿ ಈ ಸೀಮೆಯ ಬದುಕೇ ಮಗ್ಗುಲು ಬದಲಿಸಿತು.

ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯ ಪ್ರವೇಶಿಸುವುದು ಕಾಯಿದೆಯ ಪ್ರಕಾರ ಅಪರಾಧ. ವನ್ಯಪ್ರಾಣಿಗಳ ಉಳಿವಿಗೆ ಇದು ಅವಶ್ಯಕವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಇಂದು ಕಬಿನಿ ಹಿನ್ನೀರಿನ ದಡದಲ್ಲಿ ಆನೆಗಳ ಹಿಂಡು ಕಾಣುತ್ತಿದ್ದರೆ ಅದಕ್ಕೆ ಈ ಕಾಯಿದೆಗಳೂ ಕಾರಣ. ಆದರೆ ತಲೆಮಾರುಗಳಿಂದ ಉಪಕರಣವಾಗಿದ್ದ ವಸ್ತು ಒಮ್ಮೆಗೇ ಆಯುಧವೆಂಬ ಹೆಸರು ಪಡೆದಾಗ ಹಾಡಿಯವರ ಪಾಲಿಗೆ ಆದ ನಷ್ಟವನ್ನೂ ಚರಿತ್ರೆ ಲೆಕ್ಕ ಹಾಕಬೇಕು. ಕಿರು ಅರಣ್ಯ ಉತ್ಪನ್ನಗಳ ಮೇಲಿನ ಅವರ ಹಕ್ಕನ್ನು ಮಾನ್ಯ ಮಾಡುವ ಕಾನೂನು ಬಂದದ್ದು 2006ರಲ್ಲಿ. ಇನ್ನು 1959ರ ಶಸ್ತ್ರಾಸ್ತ್ರ ಕಾಯಿದೆಯೂ ಅದರ ನಿಯಮಗಳೂ ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧದ ಪಟ್ಟಿಗೆ ಸೇರಿಸುವಾಗ ಮನೆ ಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವನ್ನು ಹೊರಗಿಟ್ಟಿವೆ. ಉಪಕರಣಕ್ಕೂ ಆಯುಧಕ್ಕೂ ಇರುವ ವ್ಯತ್ಯಾಸ ಅಲಗಿನಲ್ಲಿಲ್ಲ, ಉದ್ದೇಶದಲ್ಲಿದೆ ಎಂಬ ವಿವೇಕ ಈ ನಿಯಮದಲ್ಲಿದೆ. ಕಾಡಿನ ಬೇಟೆ ಮುಗಿದ ಅಧ್ಯಾಯ, ಮುಗಿದೇ ಇರಲಿ. ಆ ಕತ್ತಿಯನ್ನು ಮಾಡಿದ ಕೈಯ ಅಧ್ಯಾಯವೂ ಅದರೊಂದಿಗೆ ಮುಗಿಯಬೇಕಾಗಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಫ್ಯಾರಡೆಯನ್ನು ಬೆರಗುಗೊಳಿಸಿದ ಆ ಮೂಸೆಯ ಉಕ್ಕು ಎಲ್ಲಿ ಹೋಯಿತು? ಇಂಗ್ಲೆಂಡಿನ ಕಾರ್ಖಾನೆಗಳ ಅಗ್ಗದ ಉಕ್ಕು ಹಡಗು, ರೈಲುಗಳಲ್ಲಿ ಬಂದಿಳಿಯಿತು. 1864ರಲ್ಲಿ ಮೈಸೂರು ಅರಣ್ಯ ಇಲಾಖೆ ಸ್ಥಾಪನೆಯಾಗಿ, ಕಾಡಿನ ಸೌದೆಯಿಂದ ಇದ್ದಲು ಸುಡುವ ಸ್ವಾತಂತ್ರ್ಯ ಕ್ರಮೇಣ ಕುಗ್ಗಿತು. ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸುವ ಹೊತ್ತಿಗೆ ಹಳ್ಳಿಯ ಮೂಸೆಗಳು ತಣ್ಣಗಾಗಿದ್ದವು. ಆ ಕುಶಲಿಗಳು ತಾವು ಬಲ್ಲದ್ದನ್ನು ಬರೆದಿಡಲಿಲ್ಲ. ಬರೆಯುವ ಅಕ್ಷರವನ್ನು ಸಮಾಜ ಅವರಿಗೆ ಕೊಟ್ಟಿರಲಿಲ್ಲ. ಅಕ್ಷರ ಬಲ್ಲ ನಮ್ಮವರು ಕುಲುಮೆಯ ಬಳಿಗೆ ಹೋಗಲಿಲ್ಲ. ಕೊನೆಗೆ ನಮ್ಮ ನಾಡಿನ ಉಕ್ಕಿನ ವಿವರ ತಿಳಿಯಲು ನಾವೇ ಬುಕಾನನ್ನನ ಇಂಗ್ಲಿಷ್ ಪುಸ್ತಕವನ್ನು ತೆರೆಯಬೇಕಾಯಿತು. ಒಂದು ವಿದ್ಯೆ ಸಾಯಲು ಯುದ್ಧವೋ ಬೆಂಕಿಯೋ ಬೇಕಿಲ್ಲ; ಎರಡು ತಲೆಮಾರು ಯಾರೂ ಕೇಳದಿದ್ದರೆ ಸಾಕು.

ಇಂದಿನ ಮಚ್ಚು ಮಾಡುವವರ ವಿದ್ಯೆಯೂ ಅದೇ ಅಂಚಿಗೆ ಬಂದು ನಿಂತಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ತರಬೇತಿ, ಸಾಲದ ಜೊತೆಗೆ ಉಪಕರಣಗಳಿಗೆಂದು 15,000 ರೂಪಾಯಿಯ ನೆರವು ಅದರಲ್ಲಿದೆ. ಒಳ್ಳೆಯದೇ. ಆದರೆ ಕತ್ತಲಲ್ಲಿ ಹಳದಿ ಯಾವಾಗ ಕಂದಿಗೆ ತಿರುಗುತ್ತದೆ ಎಂಬ ಅರಿವನ್ನು ಯಾವ ಯೋಜನೆಯೂ ಪೆಟ್ಟಿಗೆಯಲ್ಲಿಟ್ಟು ಕೊಡಲಾರದು. ಅದು ಒಬ್ಬರ ಪಕ್ಕದಲ್ಲಿ ಮತ್ತೊಬ್ಬರು ವರ್ಷಗಟ್ಟಲೆ ನಿಂತರೆ ಮಾತ್ರ ದಾಟುವಂಥದು.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಕೆಲಸವೇನೂ ಬೇಡ. ಮನೆಯಲ್ಲಿ ಕುಲುಮೆಯ ಕತ್ತಿಯಿದ್ದರೆ ತುಕ್ಕನ್ನು ಇಟ್ಟಿಗೆ ಪುಡಿಯಿಂದ ಮೆಲ್ಲಗೆ ತಿಕ್ಕಿ, ಒರೆಸಿ, ಕೊಬ್ಬರಿ ಎಣ್ಣೆಯ ಕೈ ಆಡಿಸಿ. ಮಿಂಚುವ ಹಾಗೆ ಯಂತ್ರದ ಸಾಣೆಗೆ ಕೊಡಬೇಡಿ. ಸುತ್ತಿಗೆಯ ಗುರುತುಗಳು ಅಳಿಯುತ್ತವೆ, ಜೋರಾಗಿ ಹಿಡಿದರೆ ಬಿಸಿಗೆ ಹದವೂ ಕೆಡುತ್ತದೆ. ಬಾಯಿ ಮೊಂಡಾಗಿದ್ದರೆ ಮಸೆಗಲ್ಲಿಗೆ ನೀರು ಹಾಕಿ ನೀವೇ ಮಸೆಯಿರಿ. ಅದು ಯಾರಿಗಾಗಿ, ಯಾವ ಊರಿನ ಕುಲುಮೆಯಲ್ಲಿ, ಯಾವ ಕೆಲಸಕ್ಕೆಂದು ಮಾಡಿದ್ದು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ನಿಮ್ಮೂರಿನಲ್ಲಿ ಇನ್ನೂ ತಿದಿ ಊದುವವರಿದ್ದರೆ ಒಂದು ಕುಡುಗೋಲನ್ನೋ ಸಣ್ಣ ಚೂರಿಯನ್ನೋ ಹೇಳಿ ಮಾಡಿಸಿ, ಅವರು ಕೇಳಿದ ಬೆಲೆ ಕೊಡಿ. ತರಕಾರಿಯಂತೆ ಚೌಕಾಸಿ ಮಾಡಬೇಡಿ. ಕೆಲಸ ನಡೆಯುವಾಗ ಪಕ್ಕದಲ್ಲಿ ಕುಳಿತು, ಅವರ ಒಪ್ಪಿಗೆ ಪಡೆದು, ಅವರು ಬಳಸುವ ಮಾತುಗಳನ್ನು ಬರೆದುಕೊಳ್ಳಿ. ಅಡಿಗಲ್ಲು, ಚಮ್ಮಟಿಗೆ, ತಿದಿ, ಹಣಿಯುವುದು, ಹದ ಕೊಡುವುದು: ವಸ್ತು ಹೋದರೆ ಅದರೊಡನೆ ಮಾತೂ ಹೋಗುತ್ತದೆ. ಇಂದು ನಿಮ್ಮೆಲ್ಲರ ಕೈಯಲ್ಲೂ ಧ್ವನಿ, ಚಿತ್ರ ಎರಡನ್ನೂ ಹಿಡಿದಿಡುವ ಮೊಬೈಲ್ ಇದೆ. ಬುಕಾನನ್ನನಿಗೆ ಇದ್ದದ್ದು ಕಾಗದ, ಲೇಖನಿ ಮಾತ್ರ.

ಹಾಗೆ ಬರೆದದ್ದನ್ನು ನನಗೂ ಕಳುಹಿಸಿದರೆ ಓದಿ ಸಂತೋಷಪಡುತ್ತೇನೆ. ಕಾಗುಣಿತದ ತಪ್ಪಿಗೆ ಈ ಬಾರಿ ಅಂಕ ಕಳೆಯುವುದಿಲ್ಲ.